ಬಿಟ್ಟು ಬಂದ ಏಳು ಪ್ರಶ್ನೆಗಳು

ಸಿಂಗಪುರದ ಬ್ಯೂನಾ ವಿಸ್ಟಾದಲ್ಲಿರುವ ನಮ್ಮ ಆಫೀಸಿನ ನಿಶಾ ಅಲ್ಲೇ ಬೆಳೆದ ಕನ್ನಡದ ಹುಡುಗಿ. ಅಮೆರಿಕದ ಆರ್ಕಿಟೆಕ್ಟ್ ಲೈಸೆನ್ಸ್ ಪರೀಕ್ಷೆಗೆ ಮುಂಚೆ ನನ್ನ ಸಲಹೆ ಕೇಳಿದಳು. ನಾನು ಆ ಪರೀಕ್ಷೆ ಬರೆದವನೇ ಅಲ್ಲ. ಆದರೂ ಬೆಂಗಳೂರಿನ ಕೋಚಿಂಗ್ ಕ್ಲಾಸಿನಲ್ಲಿ ಕಲಿತದ್ದನ್ನು ಹೇಳಿಬಿಟ್ಟೆ: "ಡೌಟ್ ಇದ್ರೆ ಬಿಟ್ಬಿಡು, ತಪ್ಪಾದ್ರೆ ಮಾರ್ಕ್ಸ್ ಕಟ್ ಆಗತ್ತೆ."

ಏಳು ಪ್ರಶ್ನೆ ಬಿಟ್ಟು ಬಂದಳು. ಫೇಲಾದಳು.

ಹಾಕರ್ ಸೆಂಟರಿನ ಊಟದಂಗಡಿಗಳ ನಡುವೆ ಎದುರು ಕೂತು ಮೆಲ್ಲಗೆ ಹೇಳಿದಳು, "ಅಂಕಲ್, ಇದ್ರಲ್ಲಿ ನೆಗೆಟಿವ್ ಮಾರ್ಕಿಂಗೇ ಇಲ್ಲ. ಬಿಟ್ರೂ ಸೊನ್ನೆ, ತಪ್ಪಾದ್ರೂ ಸೊನ್ನೆ. ಗೆಸ್ ಮಾಡಿದ್ರೆ ಒಂದೆರಡಾದ್ರೂ ಸರಿ ಆಗ್ತಿತ್ತೇನೋ."

"ರೂಲ್ಸ್ ಓದಿರ್ಲಿಲ್ವಾ?" ಎಂದೆ, ನಾಚಿಕೆಯಿಲ್ಲದೆ.

"ಓದಿದ್ದೆ. ನೀವು ಅಷ್ಟು ಕಾನ್ಫಿಡೆಂಟಾಗಿ ಹೇಳಿದ್ರಲ್ಲ."

ಮತ್ತೆ ಯಾವಾಗ ಬರೆದಳೋ ಗೊತ್ತಿಲ್ಲ. ಪಾಸಾದ ಮೇಲೆ ಮೈಸೂರುಪಾಕ್ ಡಬ್ಬಿ ತಂದು ಮುಂದಿಟ್ಟಳು. ಈ ಸಲ ಅವಳು ಬಿಟ್ಟದ್ದು ನನ್ನ ಸಲಹೆಯೊಂದನ್ನೇ.