ಎಣ್ಮಕಜೆಯಲ್ಲಿ ಬಿದ್ದ ಕಡಲ ಹಕ್ಕಿ

ವಾರಿಜಾ ಟೀಚರ್ ಹೂಳಿದ್ದ ಹಕ್ಕಿಯನ್ನು ಅಗೆದು ಕದ್ದವನು ನಾನು. ಹನ್ನೊಂದು ಮಳೆಗಾಲ ಕಳೆದವು — ಹತ್ತೋ ಹನ್ನೊಂದೋ. ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಆದರೆ ಮೊದಲ ವಾಕ್ಯವನ್ನು ನಂಬಿ. ಅದರ ಸಾಕ್ಷಿ ನನ್ನ ಮೇಜಿನ ಮೇಲೆ ಬಿಸ್ಕೆಟಿನ ಡಬ್ಬದಲ್ಲಿದೆ.

ಆಗ ನಾವು ಏಳೆಂಟು ಮಂದಿ ಸೇರಿ ಜಿಲ್ಲೆಯ ಹಕ್ಕಿಗಳ ನಕ್ಷೆಯ ಪುಸ್ತಕ ಮಾಡುತ್ತಿದ್ದೆವು, ಒಂದೊಂದು ಹಕ್ಕಿಗೂ ಒಂದು ಪುಟ. ಎಲ್ಲಿ ಯಾವ ಹಕ್ಕಿ ಕಂಡಿತೋ ಅಲ್ಲೊಂದು ಚುಕ್ಕೆ. ಯಾವ ಚುಕ್ಕೆ ಇರಬೇಕು, ಯಾವುದು ಬೇಡ ಎಂದು ತೀರ್ಮಾನಿಸುತ್ತಿದ್ದವನು ನಾನು — ನಾಯ್ಮಾರ್ಮೂಲೆಯ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಕೂತು. ಅನುಮಾನಪಡುವುದೇ ನನ್ನ ಕೆಲಸ. ಅದರಲ್ಲಿ ನನಗೆ ಹೆಸರೂ ಇತ್ತು.

ಕಪ್ಪು ಕಡಲ ರೀವ ಎಂಬ ಹಕ್ಕಿಯ ಪುಟದಲ್ಲಿ ಚುಕ್ಕೆಗಳೆಲ್ಲ ಕರಾವಳಿಯ ಗೆರೆಗೆ ಅಂಟಿಕೊಂಡಿದ್ದವು. ಬೆನ್ನು ಮಸಿಯಂಥ ಕಪ್ಪು, ಹೊಟ್ಟೆ ಬಿಳಿ, ಹಣೆಯಲ್ಲೊಂದು ಬಿಳಿ ಮಚ್ಚೆ. ಲಕ್ಷದ್ವೀಪದ ಕಡೆಯ ಮರಳ ದಿಬ್ಬದಲ್ಲಿ ಮೊಟ್ಟೆಯಿಟ್ಟು, ಉಳಿದ ಕಾಲವನ್ನೆಲ್ಲ ನಡುಗಡಲ ಮೇಲೆ ಹಾರುತ್ತ ಕಳೆಯುವ ಹಕ್ಕಿ. ಮಳೆಗಾಲದ ಬಿರುಗಾಳಿಗೆ ಸಿಕ್ಕಿ ಸೋತರೆ ಮಾತ್ರ ದಡದಲ್ಲಿ ಬಿದ್ದಿರುತ್ತದೆ. ಅಂಥದ್ದು ಎಣ್ಮಕಜೆಯ ಗೇರುತೋಟದ ಅಂಚಿನಲ್ಲಿ ಸಿಕ್ಕಿತೆಂದು ಅಲ್ಲಿಯ ಶಾಲೆಯ ವಾರಿಜಾ ಟೀಚರ್ ನಮ್ಮ ವಾಟ್ಸಾಪ್ ಗುಂಪಿಗೆ ಚಿತ್ರ ಕಳಿಸಿದರು. ಅಡಿಕೆ ಹಾಳೆಯ ಮೇಲೆ ಕತ್ತು ವಾಲಿಸಿದ ಹಕ್ಕಿ. ಸಂಜೆಗೆ ಸತ್ತಿತು, ವಾಲಿದ ಗೇರುಮರದ ಬುಡದಲ್ಲಿ ಹೂಳಿದೆ ಎಂದು ಬರೆದಿದ್ದರು.

ಗುಡ್ಡದ ಮೇಲಿನ ಎಣ್ಮಕಜೆ ಸಮುದ್ರದಿಂದ ಬಸ್ಸಿನಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ. ಅಷ್ಟು ಅವಸರದಲ್ಲಿ ಹೂಳಿದ್ದು ಯಾಕೆ? ಅವರ ಗಂಡ ಸುಂದರ ಮೀನಿನ ವ್ಯಾನಿನವ, ದಿನಾ ಬಂದರಿಗೆ ಹೋಗಿ ಬರುವವ. ನನ್ನ ಕತೆ ಸಿದ್ಧವಾಯಿತು: ಚಿತ್ರ ತೆಗೆದದ್ದು ಬಂದರಿನಲ್ಲಿ, ಹಕ್ಕಿ ಗುಡ್ಡ ಹತ್ತಿಯೇ ಇಲ್ಲ. ಗುಂಪಿನಲ್ಲಿ ಹಾಗೆಯೇ ಬರೆದೆ.

ಸುಂದರ ನೇರ ಅಂಗಡಿಗೇ ಬಂದ. "ಬೂತಾಯಿ ಮೀನು ತಂದ್ರೆ ನಾಲ್ಕು ಜನ ತಗೊಳ್ತಾರೆ. ಹಕ್ಕಿ ತಂದು ಎಂತ ಮಾಡ್ಲಿಕ್ಕುಂಟು ಮಾರಾಯ್ರೆ? ಹಕ್ಕಿ ಸಿಕ್ಕಿದ ವಾರ ಆ ಗಾಳಿಗೆ ಒಂದು ದೋಣಿಯೂ ಕಡಲಿಗೆ ಇಳೀಲಿಲ್ಲ. ನನ್ನ ವ್ಯಾನು ಅಂಗಳದಲ್ಲೇ. ಅದರೊಳಗೆ ಕೋಳಿ ಮೊಟ್ಟೆ ಇಟ್ಟಿದೆ, ಬಂದು ನೋಡಿ ಬೇಕಾದ್ರೆ."

ನಾನು ನಕ್ಕೆ. ಹಕ್ಕಿಯನ್ನು ಗುಡ್ಡಕ್ಕೆ ತಂದ ಗಾಳಿಯೇ ವ್ಯಾನನ್ನು ನಿಲ್ಲಿಸಿತ್ತು — ಇದು ನನಗೆ ಆಗ ಹೊಳೆಯಲಿಲ್ಲ ಎಂದು ಬರೆಯಹೊರಟಿದ್ದೆ. ಸುಳ್ಳು. ಹೊಳೆದಿತ್ತು.

ಬುಧವಾರ — ಶಾಲೆಯಿದ್ದ ಒಂದು ದಿನ, ಬುಧವಾರವೆಂದು ಯಾಕೆ ಅನ್ನಿಸುತ್ತದೋ — ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸ್ಕೂಟರಿನಲ್ಲಿ ಟೀಚರ ಮನೆಗೆ ಹೋದೆ. ಮನೆಯಲ್ಲಿ ಯಾರೂ ಇರಲಿಲ್ಲ. ಗುಂಡಿ ಖಾಲಿಯೆಂದು ಕಣ್ಣಾರೆ ಕಂಡು ಬರಬೇಕಿತ್ತು, ಅಷ್ಟೇ. ವಾಲಿದ ಗೇರುಮರ ಅವರು ಬರೆದಲ್ಲೇ ಇತ್ತು. ಬುಡದಲ್ಲೊಂದು ಮುರಕಲ್ಲು. ಅದನ್ನು ಸರಿಸಿ, ಅವರದೇ ಹಾರೆಯಿಂದ ಅಗೆದೆ. ಮೊಣಕಾಲಿನಷ್ಟು ಆಳಕ್ಕೆ ಹೋದ ಮೇಲೆ ವಾಸನೆ. ಆಮೇಲೆ ಕೆಂಪು ಮಣ್ಣು ಮೆತ್ತಿದ ಒಂದು ಉದ್ದ ರೆಕ್ಕೆ. ಉಗುರಿನಿಂದ ಉಜ್ಜಿದೆ. ಮಸಿಯಂಥ ಕಪ್ಪು.

ಟೀಚರಿಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಹಕ್ಕಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಮಣ್ಣು ಮುಚ್ಚಿದೆ, ತುಳಿದೆ, ಮತ್ತೆ —

ಭಾನುವಾರ ಗುಂಪಿನವರೆಲ್ಲ ಅಲ್ಲಿಗೆ ಹೋದರು. ಅಗೆದು ತೋರಿಸುತ್ತೇನೆ, ಬನ್ನಿ ಎಂದು ಕರೆದವರು ಟೀಚರೇ. ನಾನೂ ಹೋದೆ. ಸುಂದರ ಅಗೆದ. ಏನೂ ಇಲ್ಲ. ಗುಂಡಿಯನ್ನು ಅಗಲ ಮಾಡಿದ. ಏನೂ ಇಲ್ಲ.

"ಇಲ್ಲೇ ಸರ್. ನನ್ನ ಕೈಯಾರೆ ಇಟ್ಟದ್ದು," ಎಂದರು ಟೀಚರ್.

ನಾನು, ದೊಡ್ಡ ಮನಸ್ಸಿನವನ ಹಾಗೆ, ಹೇಳಿದೆ: "ನಾಯಿ ಗೀಯಿ ಒಯ್ದಿರಬೇಕು. ಬಿಡಿ ಟೀಚರೇ."

"ನಾಯಿಯಾ? ಗೇರುತೋಟಕ್ಕೆ ವಿಷದ ಮದ್ದು ಹೊಡೀತಿದ್ದ ಕಾಲದಲ್ಲಿ ಅಮ್ಮ ಕಲಿಸಿದ್ದು ಸರ್ ನಮಗೆ. ಸತ್ತು ಬಿದ್ದದ್ದನ್ನು ಮನೆಯಲ್ಲಿ ಇಡ್ಲಿಕ್ಕಿಲ್ಲ, ಆ ದಿನವೇ ಹೂಳಬೇಕು, ಆಳಕ್ಕೆ. ನಾಯಿ ತಿನ್ನಬಾರದು ಅಂತಲೇ ಮೇಲೆ ಕಲ್ಲು ಇಡುವುದು." ಪಕ್ಕಕ್ಕೆ ಸರಿಸಿದ್ದ ಕಲ್ಲಿನ ಕಡೆ ತಿರುಗಿ ಕೇಳಿದರು: "ನಾವು ಬರುವಾಗ ಕಲ್ಲು ಇಟ್ಟಲ್ಲೇ ಇತ್ತಲ್ಲ. ನಾಯಿ ಕಲ್ಲು ವಾಪಸ್ ಇಡ್ತದಾ ಸರ್?"

ಎಲ್ಲರೂ ನಕ್ಕರು. ಟೀಚರ್ ಆಗ ನನ್ನ ಕೈಯನ್ನು ನೋಡಿದರು ಎಂದು ನನಗೆ ನೆನಪು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಇತ್ತೆಂದೂ ನೆನಪು — ಬುಧವಾರದ ಮಣ್ಣು ಭಾನುವಾರಕ್ಕೆ ಉಳಿಯುತ್ತದೆಯೇ? ಅದನ್ನು ಆಮೇಲೆ ನಾನೇ ಸೇರಿಸಿರಬೇಕು. ಯಾರಾದರೂ ನನ್ನನ್ನು ಹಿಡಿದಿದ್ದರೆ ಒಳ್ಳೆಯದಿತ್ತೆಂಬ ಆಸೆಯಿಂದ.

ಪುಸ್ತಕ ಅಚ್ಚಾಯಿತು. ರೀವದ ಪುಟದ ಕೆಳಗೆ ನನ್ನದೊಂದು ಸಾಲು: 'ಒಳನಾಡಿನಿಂದ ನಂಬಲರ್ಹ ದಾಖಲೆಯಿಲ್ಲ.' ಟೀಚರ್ ಗುಂಪು ಬಿಟ್ಟರು. ಶಾಲೆಯ ಮಕ್ಕಳನ್ನು ಶನಿವಾರ ಹಕ್ಕಿ ತೋರಿಸಲು ಕರೆದುಕೊಂಡು ಹೋಗುತ್ತಿದ್ದರು; ಅದೂ ನಿಂತಿತು. ಒಮ್ಮೆ ಪೆರ್ಲದ ಬಸ್ಸಿನಲ್ಲಿ ಯಾರೋ ಅವರನ್ನು ಕೇಳಿದರು, "ಎಂತ ಟೀಚರೇ, ಈ ಮಳೆಗೆ ತಿಮಿಂಗಿಲ ಬರಲಿಲ್ವಾ ನಿಮ್ಮಲ್ಲಿಗೆ?" ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ನಾನು ಹಿಂದಿನ ಸೀಟಿನಲ್ಲಿದ್ದೆ. ಇದರಲ್ಲಿ ಮಾತ್ರ ನೆನಪಿನ ತಪ್ಪಿಲ್ಲ.

ಈಗ ಯಾಕೆ ಹೇಳುತ್ತಿದ್ದೇನೆ? ನಕ್ಷೆಯ ಹೊಸ ಆವೃತ್ತಿ ಬರುತ್ತಿದೆ. ಟೀಚರ ಚುಕ್ಕೆಯನ್ನು ಹಾಕಿಸಿದರೆ, ಆ ಹಕ್ಕಿಯಿಂದ ತೆಗೆದು ಒಣಗಿಸಿ ಡಬ್ಬದಲ್ಲಿಟ್ಟ ರೆಕ್ಕೆಯನ್ನು ಜೋಪಾನ ಮಾಡಿದವನೆಂದು ನನ್ನ ಹೆಸರೂ ಒಂದು ಮೂಲೆಯಲ್ಲಿ ಬಂದೀತು — ಈ ಆಸೆ ಈ ಬರಹದೊಳಗೂ ಇದೆಯೇ ಎಂದು ಹುಡುಕಿದೆ. ಇದೆ. ಹಾಗಾಗಿ ನಕ್ಷೆಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದೇನೆ.

ನಾಳೆ ಡಬ್ಬ ಹಿಡಿದುಕೊಂಡು ಅವರ ಅಂಗಳಕ್ಕೆ ಹೋಗುತ್ತೇನೆ. ರೆಕ್ಕೆ ಅವರದ್ದು, ಚುಕ್ಕೆ ಬೇಕೋ ಬೇಡವೋ ಅವರೇ ಹೇಳಲಿ. ಕ್ಷಮೆ ಕೇಳುವ ಮಾತು ನನ್ನ ಬಾಯಲ್ಲಿ ಹೇಗೆ ಬರುತ್ತದೋ, ಅದನ್ನೂ ನಾನು ನಂಬಲಾರೆ. ಅವರು ಅಂದು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ನಿಲ್ಲುತ್ತೇನೆ.

ಇಲ್ಲ ಟೀಚರೇ, ನಾಯಿ ಇಡುವುದಿಲ್ಲ. ಆ ಕಲ್ಲನ್ನು ವಾಪಸ್ ಇಟ್ಟದ್ದು ನಾನು.