ನೀರುಗಂಟಿಯ ಗೋಡೆಯಲ್ಲಿ ‘ಐಡಿಯಾ’

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಹೊಂಗೆಕೊಪ್ಪಲಿನ ನೀರಿನ ಟ್ಯಾಂಕಿನ ಬುಡದಲ್ಲಿ ಮರಿಸಿದ್ದಯ್ಯ ಮೊಣಕಾಲೂರಿ ಕೂತು, ಗುಂಡಿಯೊಳಕ್ಕೆ ಕೈ ಇಳಿಬಿಟ್ಟು ವಾಲ್ವ್ ತಿರುಗಿಸುತ್ತಾರೆ. ಪೈಪು ಎರಡು ಸಲ ಕೆಮ್ಮಿ, ಒಳಗಿನ ಗಾಳಿಯನ್ನೆಲ್ಲ ಉಗುಳಿ, ಆಮೇಲೆ ನೀರಿಗೆ ದಾರಿ ಬಿಡುತ್ತದೆ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಅವರು ಮಾಡುವ ಮುಂದಿನ ಕೆಲಸ ಪಂಚಾಯಿತಿಯ ಯಾವ ಆದೇಶದಲ್ಲೂ ಇಲ್ಲ. ಜೇಬಿನಿಂದ ಇದ್ದಿಲ ಚೂರು ತೆಗೆದು ಟ್ಯಾಂಕಿನ ಕೆಳಗಿನ ಪಂಪ್‌ಹೌಸ್ ಗೋಡೆಯ ಮುಂದೆ ನಿಲ್ಲುತ್ತಾರೆ. ಗೋಡೆಯ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ ‘ಐಡಿಯಾ’ ಎಂದು ಬರೆದಿದೆ, ಕೆಳಗೆ ಅದರ ಅರ್ಥಗಳ ಸಾಲು.

“ಏನವ್ವಾ ಶಿವನಂಜಮ್ಮ, ತಂದ್ಯಾ?”

“ತಂದಿವ್ನಿ ಕಣಪ್ಪ, ಮೊದ್ಲು ಬಿಂದ್ಗೆ ತುಂಬ್ಲಿ ಬುಡು,” ಎನ್ನುತ್ತಾರೆ ಮೊದಲ ನಲ್ಲಿಯ ಶಿವನಂಜಮ್ಮ. ಬಿಂದಿಗೆ ತುಂಬುತ್ತದೆ, ಪದವೂ ಬರುತ್ತದೆ: ಗ್ಯಾನ. “ನಮ್ಮತ್ತೆ ಬೈತಿದ್ಲು, ‘ಒಲೆ ಮ್ಯಾಲೆ ಆಲು ಉಕ್ತಾ ಅದೆ, ನಿಂಗೆ ಗ್ಯಾನವೇ ಇಲ್ವಲ್ಲೇ’ ಅಂತ.” ಮರಿಸಿದ್ದಯ್ಯ ಒಂದು ಗಳಿಗೆ ತಲೆ ಓರೆ ಮಾಡಿ ತೂಗಿ ನೋಡುತ್ತಾರೆ. “ಆಯ್ತದೆ. ಐಡಿಯಾನೇ ಇಲ್ಲ ಅಂತಾರಲ್ಲ, ಅದೇ ಇದು,” ಎಂದು ಏಳನೆಯ ಸಾಲು ಬರೆಯುತ್ತಾರೆ.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯಿಂದ ಮೂರು ಕಿಲೋಮೀಟರು ಒಳಗಿದೆ ಈ ಊರು. ಇನ್ನೂರ ಹನ್ನೆರಡು ಮನೆ, ಆರು ವಾಲ್ವು, ಒಬ್ಬ ನೀರುಗಂಟಿ, ಅವನಿಗೊಂದು ಸೈಕಲ್ಲು. ಒಂದೊಂದು ಬೀದಿಗೆ ನಲವತ್ತು ನಿಮಿಷ. ಹೀಗೆ ಹತ್ತೊಂಬತ್ತು ವರ್ಷ. ಕಬ್ಬಿನ ಟ್ರ್ಯಾಕ್ಟರು ಪೈಪು ತುಳಿದು ಒಡೆದರೆ ಕೊರಳುದ್ದದ ಕೆಸರಿನಲ್ಲಿ ಇಳಿಯುವವರೂ ಇವರೇ, ಕೊನೆಯ ಬೀದಿಗೆ ನೀರು ಏರದಿದ್ದರೆ ಬೈಸಿಕೊಳ್ಳುವವರೂ ಇವರೇ. “ನೀರು ಬಂದ್ರೆ ದೇವ್ರು ಬುಟ್ಟ ಅಂತಾರೆ, ಬರ್ದಿದ್ರೆ ಮರಿಸಿದ್ದ ಬುಡ್ಲಿಲ್ಲ ಅಂತಾರೆ,” ಎಂದು ನಗುತ್ತಾರೆ. ಹಬ್ಬಕ್ಕೂ ರಜೆಯಿಲ್ಲ. “ಅಬ್ಬದ ದಿನವೇ ಜನಕ್ಕೆ ನೀರು ಜಾಸ್ತಿ ಬೇಕು. ನಂಗೆ ಅಬ್ಬ ಸುರುವಾಗದು ಮಧ್ಯಾನದ ಮ್ಯಾಲೆ.”

ಮೂರು ಸಲ ಕೂತರೂ ಎಸ್ಸೆಸ್ಸೆಲ್ಸಿಯ ಇಂಗ್ಲಿಷು ಇವರಿಗೆ ಒಲಿಯಲಿಲ್ಲ. ಆ ಸಿಟ್ಟು ಎಲ್ಲೋ ಒಳಗೆ ಕೂತಿತ್ತೇನೋ, ಆರು ವರ್ಷದ ಹಿಂದೆ ಗೋಡೆ ಹಿಡಿದರು. ಇಲ್ಲಿಯವರೆಗೆ ನಲವತ್ತಮೂರು ಇಂಗ್ಲಿಷ್ ಪದಗಳು ಈ ಗೋಡೆಯ ಮೇಲೆ ಬಂದು ಹೋಗಿವೆ. ‘ಐಡಿಯಾ’ವನ್ನು ತಂದವಳು ಮದ್ದೂರಿನಲ್ಲಿ ಪಿಯುಸಿ ಓದುವ ಮಗಳು ಮಂಜುಶ್ರೀ. ಬುದ್ಧನ ಪಟದ ಕೆಳಗೆ ಕೂತು ಅಪ್ಪ, ಮಗಳು ನಿಘಂಟು ತೆರೆದರೆ, ಅದು ‘ಕಲ್ಪನೆ, ಭಾವನೆ, ಅಭಿಪ್ರಾಯ’ ಎಂದಿತು. ಮರಿಸಿದ್ದಯ್ಯನಿಗೆ ಸಮಾಧಾನವಾಗಲಿಲ್ಲ. “ಇವುನ್ನ ನಮ್ಮೂರಲ್ಲಿ ಯಾರ ಬಾಯಲ್ಲೂ ಕೇಳಿಲ್ವಲ್ಲ ಮಗ,” ಎಂದು ಮರುದಿನ ಪದವನ್ನು ನಲ್ಲಿಗಳ ಮುಂದಿಟ್ಟರು.

ಗೋಡೆಗೆ ಎರಡು ಕಟ್ಟಳೆಗಳಿವೆ. ಬರೀ ಪದ ತಂದರೆ ನಡೆಯುವುದಿಲ್ಲ, ಅದನ್ನು ಮನೆಯಲ್ಲಿ ಯಾರಾದರೂ ನಿಜಕ್ಕೂ ಆಡಿದ ಮಾತಿನ ಸಮೇತ ತರಬೇಕು. ಮತ್ತೆ, ತಂದವರು ತಾವೇ ಹೇಳಿಕೊಂಡರೆ ಸರಿ, ಮರಿಸಿದ್ದಯ್ಯ ಮಾತ್ರ ಅವರ ಹೆಸರನ್ನು ಬರೆಯುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. ಹಾಗೆ ಬಂದವು ‘ಯೋಚ್ನೆ’, ‘ಉಪಾಯ’, ಹೂಟ ಎನ್ನುವ ಅರ್ಥದ ‘ಅಂಚಿಕೆ’. ಆಲೆಮನೆಯ ಅಂಕಯ್ಯ ‘ಅಂದಾಜು’ ತಂದರು: “ಇನ್ನೆಷ್ಟೊತ್ಗೆ ಪಾಕ ಬತ್ತದೆ ಅಂತ ಅಂದಾಜಿದ್ದದೇನ್ಲಾ ನಿಂಗೆ?” ಯಾರೂ ಆಡದ ಕಾರಣ ನಿಘಂಟಿನ ‘ಕಲ್ಪನೆ’ ಮಾತ್ರ ಇನ್ನೂ ಗೋಡೆಯ ಹೊರಗೇ ನಿಂತಿದೆ.

ಕಳೆದ ತಿಂಗಳು ‘ಐಡಿಯಾ’ದ ಕೆಳಗೆ ಹೊಸ ಸಾಲೊಂದು ಬಂತು. ‘ಮಸಲತ್ತು: ನಮ್ಮ ಮೆಂಬರು ಏನೋ ಮಸಲತ್ತು ನಡೆಸವ್ನೆ, ನಂಗೇಳ್ದೆ.’ ಊರಿಗೆ ಪಂಚಾಯಿತಿ ಮೆಂಬರುಗಳು ಮೂವರು. ಮೂವರೂ ಅದು ತಮಗೇ ಅಂದದ್ದು ಅಂದುಕೊಂಡರು! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಒಬ್ಬೊಬ್ಬರೇ ಟ್ಯಾಂಕಿನ ಹತ್ತಿರ ಬಂದು ಓದಿಹೋದರು. ಅವರಲ್ಲಿ ದೊಡ್ಡ ಗಂಟಲು ಚಲುವರಾಜು ಅವರದು. “ಯಾರು ಏಳಿದ್ದು ಅಂತ ಬಾಯಿ ಬುಡು, ಇಲ್ದಿದ್ರೆ ಸನಿವಾರ ಗೋಡೆಗೆ ನೀನೇ ಸುಣ್ಣ ಬಳಿ,” ಎಂದರು.

ಮರಿಸಿದ್ದಯ್ಯ ಬಾಯಿ ಬಿಡಲಿಲ್ಲ. ಮೂರು ದಿನ ಅನ್ನ ಸೇರಲಿಲ್ಲ. ಹೆಸರು ಹೇಳಿದರೆ ಗೋಡೆ ಉಳಿಯುತ್ತದೆ, ಆದರೆ ಇನ್ನು ಮುಂದೆ ಅದಕ್ಕೆ ಮಾತು ತರುವವರು ಯಾರು? ಶನಿವಾರ ಬೆಳಿಗ್ಗೆ ನೀರು ಬಿಟ್ಟು, ಬಕೆಟ್ಟಿನಲ್ಲಿ ಸುಣ್ಣ ಕದಡಿ, ಬ್ರಷ್ಷು ಅದ್ದಿದರು. ಮೆಂಬರುಗಳು ಮೂವರೂ ಹಾಜರಿದ್ದರು. ನಲ್ಲಿಯ ಹೆಂಗಸರು ಬಿಂದಿಗೆ ತುಂಬಿ ಹರಿದರೂ ಕದಲಲಿಲ್ಲ.

ಆಗ ಬಂದರು ಚಿಕ್ಕಬೋರಮ್ಮ, ಚಲುವರಾಜು ಅವರ ತಾಯಿ. ಎಂಬತ್ತರ ಹತ್ತಿರದ ಅಜ್ಜಿ, ಕಣ್ಣಿಗೆ ಆಪರೇಷನ್ನಿನ ಕರಿ ಕನ್ನಡಕ. ಓದು ಬಾರದು. ಏನು ಗಲಾಟೆ ಎಂದು ಕೇಳಿ, ಶಿವನಂಜಮ್ಮನಿಂದ ಆ ಸಾಲು ಓದಿಸಿಕೊಂಡರು.

“ಇದಾ? ಇದ್ನ ಅಂದೋಳೂ ನಾನೇ, ಮರಿಸಿದ್ದಂಗೆ ತಂದ್ಕೊಟ್ಟೋಳೂ ನಾನೇ ಕಣ್ಲಾ!” ಎಂದರು ಅಜ್ಜಿ. “ನೀನು, ನಿನ್ನೆಂಡ್ರು, ಆ ಮೊಮ್ಮಗಳು ಅರ್ಪಿತ, ಮೂರು ಜನ ಗುಸುಗುಸು ಅನ್ಕೊಂಡು ಓಡಾಡ್ತಿದ್ರಿ. ಮಸಲತ್ತು ಅನ್ನದೆ ಇನ್ನೇನಂತಾರೆ ಅದ್ಕೆ? ಮಂಡ್ಯದಲ್ಲಿ ಸಂಬಂಧ ನೋಡಕೋಗವ ಬಾ ಅಂತ ಕಾರು ಅತ್ಸಿ, ಕಣ್ಣಿನ ಆಸ್ಪತ್ರೆ ಮುಂದೆ ಇಳಿಸ್ಲಿಲ್ವಾ ನನ್ನ?”

ಚಲುವರಾಜು ನೆಲ ನೋಡಿದರು. ಉಳಿದಿಬ್ಬರು ಮೆಂಬರುಗಳು ಹೋದ ಜೀವ ಬಂದಂತೆ ನಕ್ಕರು. ನಲ್ಲಿಯ ಸಾಲಿಗೆ ಸಾಲೇ ನಕ್ಕಿತು. “ಏಳ್ಬಾರ್ದಾಗಿತ್ತಾ ಮರಿಸಿದ್ದ, ನಮ್ಮವ್ವ ಅಂತ?” ಎಂದರು ಚಲುವರಾಜು.

“ಏಳಿದ್ರೆ ನಾಳಿಂದ ನಿಮ್ಮವ್ವ ನಂಗ್ಯಾವ ಮಾತು ತಂದಾರು ಬುದ್ಧಿ?”

ಕದಡಿದ ಸುಣ್ಣ ದಂಡವಾಗಲಿಲ್ಲ. ಪಂಪ್‌ಹೌಸಿನ ಪಾಚಿ ಕಟ್ಟಿದ ಹಿಂಬದಿ ಗೋಡೆಗೆ ಅದನ್ನು ಬಳಿಸಿದವರು ಚಲುವರಾಜು ಅವರೇ. ಈಗ ಬರೆಯಲು ಎರಡು ಗೋಡೆಗಳಿವೆ.

ಈ ಪದಗಳನ್ನೆಲ್ಲ ಸೇರಿಸಿ ಗ್ರಂಥಾಲಯಕ್ಕೊಂದು ಪುಸ್ತಕ ಮಾಡಿಕೊಡಿ ಎಂದು ಊರ ಮೇಷ್ಟ್ರು ಕೇಳುತ್ತಿದ್ದಾರೆ. ಮರಿಸಿದ್ದಯ್ಯನಿಗೆ ಅದರ ಗೊಡವೆ ಬೇಡ. ಇಷ್ಟೊಂದು ಹಟ ಯಾಕೆ, ಒಂದು ಗೋಡೆಗಾಗಿ ಅನ್ನ ಬಿಡುವುದೇ ಎಂದು ಕೇಳಿದರೆ, ಆರನೆಯ ವಾಲ್ವನ್ನು ಮುಚ್ಚಿ, ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾರೆ.

“ನಮ್ಮವ್ವ ಬಾವಿ ಮುಟ್ಟಂಗಿರ್ಲಿಲ್ಲ ಕಣಪ್ಪ. ಯಾರಾದ್ರೂ ಬಂದು ಸೇದಿ ಉಯ್ಯೋ ಗಂಟ ಬಿಂದ್ಗೆ ಇಟ್ಕೊಂಡು ಅಷ್ಟು ದೂರ ನಿಂತಿರೋಳು. ನಿಂತು ನಿಂತು ಏನೋ ಯೋಚ್ನೆ ಮಾಡೋಳು. ಏನವ್ವಾ ನಿನ್ ಯೋಚ್ನೆ ಅಂತ ಒಬ್ರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಈಗ ಕೇಳ್ತೀನಿ, ನೀರ್ಗೆ ಬಂದೋರ್ನೆಲ್ಲ.”