ಹನ್ನೆರಡು ಕಿಲೋ

ಬೈಂಡಿಂಗ್ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ ವಯಸ್ಸಿಗೆ, ಇನ್ನರ್ಧ ಮೈಗೆ ಎಂದು ಅವಳೇ ನಗುತ್ತಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಅದೇ ಕಿಟಕಿಯ ಪಕ್ಕ ಕೂತು, ಮಡಿಸಿದ ಹಾಳೆಗಳ ಕಟ್ಟುಗಳನ್ನು ದಾರ ಹಾಕಿ ಹೊಲಿದು ಪುಸ್ತಕ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಕೂತರೆ ಸಂಜೆ ಏಳುವುದು. ಪ್ರೆಸ್ಸು ಮೂರನೇ ಮಹಡಿಯಲ್ಲಿತ್ತು. ಕಾಗದ ಸಾಗಿಸುವ ಲಿಫ್ಟಿನಲ್ಲಿ ರೀಮುಗಳ ನಡುವೆ ಹೇಗೋ ತೂರಿಕೊಂಡು ಮೇಲೆ ಬರುತ್ತಿದ್ದಳು. ಮೆಟ್ಟಿಲಿನ ಮುಖ ನೋಡಿ ವರ್ಷಗಳಾಗಿದ್ದವು.

ಅವಳು ಹುಟ್ಟಾ ಅಂಜುಬುರುಕಿ. ಇಂಜೆಕ್ಷನ್ ಎಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಹೊಲಿಯುವ ಸೂಜಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಕಂಡರೂ ಮುಖ ತಿರುಗಿಸಿ, ಪಕ್ಕದವಳ ಕೈಯಲ್ಲಿ ಬಟ್ಟೆ ಸುತ್ತಿಸಿಕೊಳ್ಳುತ್ತಿದ್ದಳು. ಅಂಥವಳು ತಮ್ಮನಿಗೆ ತನ್ನ ಕಿಡ್ನಿ ಕೊಡುತ್ತೇನೆಂದು ಒಪ್ಪಿಕೊಂಡಿದ್ದಳು.

ತಮ್ಮ ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಅವನಿಗೆ ಟೈಲ್ಸ್ ಹಾಕುವ ಕೆಲಸ. ಒಂದು ದಿನ ಕಾಲು ಊದಿಕೊಂಡಿತು, ಆಮೇಲೆ ಮುಖ. ಆಸ್ಪತ್ರೆಗೆ ಹೋದರೆ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದರು. ಅಲ್ಲಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವನ ಹೆಂಡತಿಯ ರಕ್ತ ಹೊಂದಲಿಲ್ಲ. ಹೊಂದಿದ್ದು ಅಕ್ಕನದೊಂದೇ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನು ತೂಕದ ಯಂತ್ರದ ಮೇಲೆ ಇನ್ನೊಮ್ಮೆ ನಿಲ್ಲಿಸಿದರು. ಎಂಬತ್ತನಾಲ್ಕು.

"ಹನ್ನೆರಡು ಕಿಲೋ ಇಳಿಸಬೇಕಮ್ಮ. ಎಪ್ಪತ್ತೆರಡರ ಒಳಗೆ ಬನ್ನಿ. ಸಕ್ಕರೆನೂ ಗಡಿ ಹತ್ತಿರ ಇದೆ. ಈಗ ಆಪರೇಷನ್ ಮಾಡಿದ್ರೆ ನಿಮಗೇ ಅಪಾಯ. ಆಮೇಲೆ ಒಂದೇ ಕಿಡ್ನಿ ಮೇಲೆ ಇಷ್ಟು ಭಾರ ಹೊರಿಸೋದೂ ತಪ್ಪು."

"ಎಷ್ಟು ದಿನ ಟೈಮಿದೆ ಸಾರ್?"

"ಆರು ತಿಂಗಳು ನೋಡೋಣ. ಅವರು ಅಷ್ಟು ತಡ್ಕೋತಾರೆ ಅನ್ಸುತ್ತೆ."

ಅನ್ಸುತ್ತೆ ಎಂಬ ಆ ಮಾತು ಅವಳ ಕಿವಿಯಲ್ಲಿ ಉಳಿಯಿತು. ಆದರೆ ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅವಳಿಗೆ ಮೊದಲು ಆದದ್ದು ದುಃಖವಲ್ಲ, ಸಮಾಧಾನ. ಆರು ತಿಂಗಳು ಯಾರೂ ತನ್ನ ಹೊಟ್ಟೆ ಕೊಯ್ಯುವುದಿಲ್ಲ. ಜೀವಮಾನವಿಡೀ ಬೈದುಕೊಂಡಿದ್ದ ಈ ಕೊಬ್ಬೇ ಇವತ್ತು ಅಡ್ಡ ನಿಂತು ಕಾಪಾಡಿತು ಎನಿಸಿತು. ಹಾಗೆ ಅನಿಸಿದ್ದೇ ತಡ, ನಾಚಿಕೆಯಿಂದ ಮೈ ಬೆವತುಹೋಯಿತು. ಪಕ್ಕದಲ್ಲಿ ಕೂತಿದ್ದ ತಮ್ಮನ ಮುಖ ನೋಡಲಾಗಲಿಲ್ಲ.

ತೂಕ ಇಳಿಸುವುದೆಂದರೆ ದುಡ್ಡಿದ್ದವರ ಬಾಬತ್ತು ಎಂದು ಅವಳು ತಿಳಿದಿದ್ದಳು. ಬೀದಿಯ ಮೂಲೆಯ ಜಿಮ್ಮಿನಲ್ಲಿ ಕೇಳಿದರೆ ಒಂದು ತಿಂಗಳಿಗೆ ಅವಳ ವಾರದ ಸಂಬಳ ಹೇಳಿದರು. ಔಷಧಿ ಅಂಗಡಿಯವನು ತೋರಿಸಿದ ಪುಡಿಯ ಡಬ್ಬಿಗೆ ಅದಕ್ಕಿಂತ ಹೆಚ್ಚು. ಗಂಡ ಬ್ಯಾಂಕೊಂದರ ಬಾಗಿಲಲ್ಲಿ ಕಾವಲುಗಾರ. ಇಬ್ಬರ ದುಡಿಮೆಯೂ ಬಾಡಿಗೆಗೆ, ತಮ್ಮನ ಔಷಧಿಗೆ ಹಂಚಿಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಒಬ್ಬ ಹೆಂಗಸಿದ್ದರು. ಕಡ್ಡಿಯಂಥ ಮೈ, ಕಂಚಿನಂಥ ದನಿ. ದೊಡ್ಡಕ್ಕ ಅವರಿಗೆ ಪಥ್ಯದ ಮೇಡಂ ಎಂದೇ ಹೆಸರಿಟ್ಟಳು.

"ಒಂದು ಪೈಸೆ ಡಬ್ಬಿಗೆ ಹಾಕ್ಬೇಡಿ," ಎಂದರು ಮೇಡಂ. "ಈಗ ಎಷ್ಟು ಅನ್ನ ತಿಂತೀರೋ ಅದರಲ್ಲಿ ಅರ್ಧ. ಖಾಲಿಯಾದ ಜಾಗದಲ್ಲಿ ಸೊಪ್ಪು, ಕಾಳು, ಒಂದು ಮೊಟ್ಟೆ. ದಿನಕ್ಕೆ ಎಷ್ಟು ಸಲ ಟೀ?"

"ಐದು... ಆರೂ ಆಗುತ್ತೆ."

"ಸಕ್ಕರೆ?"

"ಎರಡು ಚಮಚ. ಬಿಸ್ಕತ್ತು ಬೇರೆ."

"ಎರಡು ಟೀ, ಸಕ್ಕರೆ ಇಲ್ಲ. ಬಿಸ್ಕತ್ತು ಮರ್ತುಬಿಡಿ. ಲಿಫ್ಟ್ ಹತ್ಬೇಡಿ. ಮಾತಾಡ್ತಾ ನಡೀರಿ, ಮಾತು ನಿಂತುಹೋದ್ರೆ ನೀವೂ ನಿಲ್ಲಿ. ಉಸಿರು ಬಂದ್ಮೇಲೆ ಮತ್ತೆ ಹೊರಡಿ. ಎದೆ ನೋವು ಬಂದ್ರೆ ಮಾತ್ರ ನೇರ ಇಲ್ಲಿಗೆ ಬನ್ನಿ."

ಕೊನೆಯ ಮಾತು ಹೇಳದಿದ್ದರೇ ಚೆನ್ನಾಗಿತ್ತು. ಮಾರನೆಯ ಬೆಳಿಗ್ಗೆ ಪ್ರೆಸ್ಸಿನ ಮೆಟ್ಟಿಲು ಹತ್ತುವಾಗ ಅವಳ ಲಕ್ಷ್ಯವೆಲ್ಲ ಎದೆಯ ಮೇಲೇ. ಮೊದಲ ಮಹಡಿಗೆ ಏದುಸಿರು, ಎರಡನೆಯದಕ್ಕೆ ಕಣ್ಣು ಕತ್ತಲೆ. ಕಿವಿಯಲ್ಲಿ ಡವಡವ. ಇದೇ ಎದೆನೋವೋ, ಬರೀ ಸುಸ್ತೋ? ಮೆಟ್ಟಿಲ ಮೇಲೆ ಕುಸಿದು ಕೂತು ಗೋಡೆಗೆ ತಲೆ ಆನಿಸಿದಳು. ಇಲ್ಲೇ ಸತ್ತರೆ ತಮ್ಮನಿಗೆ ಕಿಡ್ನಿಯೂ ಇಲ್ಲ, ಅಕ್ಕನೂ ಇಲ್ಲ. ಹಿಂದಿನಿಂದ ಹತ್ತಿ ಬಂದ ಕಟಿಂಗ್ ಮಾಮ ಅವಳನ್ನು ದಾಟಿಕೊಂಡು ಹೋಗದೆ ಕೆಳಗಿನ ಮೆಟ್ಟಿಲ ಮೇಲೆ ತಾನೂ ಕೂತ. ಪುಸ್ತಕದ ಅಂಚು ಕತ್ತರಿಸುವ ಯಂತ್ರ ನಡೆಸುವ ಮುದುಕ, ಅರವತ್ತು ದಾಟಿದ್ದರೂ ಸಲಾಕೆಯ ಹಾಗಿದ್ದ.

"ಏನಮ್ಮ, ಲಿಫ್ಟು ಕೆಟ್ಟಿದ್ಯಾ?"

"ಇಲ್ಲ ಮಾಮ. ನಾನೇ ಕೆಟ್ಟಿದ್ದೀನಿ."

ಅವಳು ವಿಷಯ ಹೇಳಿದಳು. ಮಾಮ, "ಸೋಮವಾರ ಸೋಮವಾರ ಬೆಳಿಗ್ಗೆ ಬೇಗ ಬಾ. ರದ್ದಿ ತೂಗೋ ಕಾಟಾ ಇದೆಯಲ್ಲ, ಅದರ ಮೇಲೆ ನಿಂತ್ಕೋ. ಆಸ್ಪತ್ರೆ ಯಂತ್ರಕ್ಕಿಂತ ಸರಿಯಾಗಿ ತೋರಿಸುತ್ತೆ. ರದ್ದಿಯವನು ಬಿಡ್ತಾನಾ ಇಲ್ಲಾಂದ್ರೆ?" ಎಂದ.

ಹೀಗೆ ಶುರುವಾಯಿತು. ಬೆಳಿಗ್ಗೆ ಎರಡು ಸ್ಟಾಪು ಮುಂಚೆ ಬಸ್ಸಿಳಿದು ನಡಿಗೆ. ಗಂಡನಿಗೆ ರಜೆಯಿದ್ದ ದಿನ ಅವನೂ ಜೊತೆ. ಮಾತಾಡುತ್ತ ನಡೆಯಬೇಕಲ್ಲ, ಮದುವೆಯಾದ ಇಪ್ಪತ್ತು ವರ್ಷದಲ್ಲಿ ಆಡದಷ್ಟು ಮಾತು ಆ ರಸ್ತೆಯಲ್ಲಿ ಆಡಿದರು. ಎರಡು ಹಳೆಯ ಬಾಟಲಿಗಳಿಗೆ ಮರಳು ತುಂಬಿ, ಅಡುಗೆ ಆಗುವಷ್ಟು ಹೊತ್ತು ಎತ್ತಿ ಇಳಿಸುತ್ತಿದ್ದಳು. ಹಸಿವಿನಿಂದ ಹೊಟ್ಟೆ ಕವಕವ ಎನ್ನುವಾಗ ಒಂದು ಲೋಟ ನೀರು ಕುಡಿದು ದಾರಕ್ಕೆ ಮೇಣ ಉಜ್ಜುತ್ತ ಕೂರುತ್ತಿದ್ದಳು. ಮೊದಲ ತಿಂಗಳು ಮೂರು ಕಿಲೋ ಇಳಿಯಿತು, ಎರಡನೆಯ ತಿಂಗಳು ಇನ್ನೂ ಎರಡು. ಮೂರು ಮಹಡಿಯನ್ನು ಒಂದೇ ಒಂದು ಸಲ ನಿಂತು ಹತ್ತಿದ ದಿನ ಹೆಂಗಸರೆಲ್ಲ ಸೂಜಿ ಕೆಳಗಿಟ್ಟು ಚಪ್ಪಾಳೆ ಹೊಡೆದರು.

ಕಾಟಾ ಎಪ್ಪತ್ತೇಳು ತೋರಿಸಿದ ಸೋಮವಾರ ಮಾಮ, "ಇನ್ನು ಐದೇ ಅಮ್ಮ" ಎಂದ. ಇಷ್ಟು ದಿನ ಹನ್ನೆರಡು ಎನ್ನುವುದು ಬೆಟ್ಟದಂತಿತ್ತು, ಅದರ ಹಿಂದೇನಿದೆ ಕಾಣುತ್ತಿರಲಿಲ್ಲ. ಈಗ ಕಂಡಿತು. ಬಿಳಿ ದೀಪ, ಸ್ಟೀಲಿನ ಮಂಚ, ಮುಖಕ್ಕೆ ಮುಚ್ಚುವ ರಬ್ಬರು. ಮತ್ತೆ ಎಚ್ಚರವೇ ಆಗದಿದ್ದರೆ? ಅವತ್ತು ಮಾಮನ ಯಂತ್ರದ ಅಲಗು ಕೆಳಗಿಳಿದು ಐವತ್ತು ಪುಸ್ತಕಗಳ ಅಂಚನ್ನು ಒಂದೇ ಏಟಿಗೆ ಕತ್ತರಿಸಿದಾಗ, ಇಪ್ಪತ್ತೆರಡು ವರ್ಷ ಕೇಳಿ ಕೇಳಿ ಅಭ್ಯಾಸವಾದ ಸದ್ದಿಗೇ ಬೆಚ್ಚಿಬಿದ್ದಳು.

ಸಂಜೆ ಬಸ್ ಸ್ಟಾಪಿನ ಹಿಂದಿನ ಬೇಕರಿಗೆ ಕಾಲು ತಾನಾಗಿ ಹೋಯಿತು. ಎರಡು ಬೆಣ್ಣೆ ಬನ್ನು ತೆಗೆದುಕೊಂಡು, ಗೋಡೆಗೆ ಮುಖ ಮಾಡಿ ನಿಂತು ತಿಂದಳು. ಹಸಿವಿಗೆ ತಿಂದದ್ದಲ್ಲ, ಬಾಯಿರುಚಿಗೂ ಅಲ್ಲ. ತಿನ್ನುತ್ತಿರುವುದು ಯಾಕೆಂದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದವಳಂತೆ ಅಗಿದಳು. ಮಾರನೆಯ ದಿನವೂ ಹೋದಳು. ಮೂರನೆಯ ದಿನ ಬೇಕರಿಯವನು ಕೇಳದೆಯೇ ಕಾಗದದಲ್ಲಿ ಸುತ್ತಿಟ್ಟಿದ್ದ.

ಮೂರು ವಾರ ಹೀಗೇ ನಡೆಯಿತು. ಕಾಟಾ ಎಪ್ಪತ್ತೆಂಟಕ್ಕೆ ಹೋಯಿತು, ಆಮೇಲೆ ಎಪ್ಪತ್ತೊಂಬತ್ತು. ತಮ್ಮ ಫೋನು ಮಾಡಿದರೆ, "ಇಳೀತಾ ಇದೆ ಕಣೋ, ನಿಧಾನಕ್ಕೆ" ಎನ್ನುತ್ತಿದ್ದಳು. ಫೋನಿಟ್ಟ ಮೇಲೆ ನಾಲಿಗೆಯ ಪಸೆ ಆರಿರುತ್ತಿತ್ತು. ಈಗ ಅವಳಿಗೆ ಎರಡು ಭಯ. ಇಳಿದರೆ ತಾನು ಸಾಯಬಹುದು, ಇಳಿಯದಿದ್ದರೆ ಅವನು ಸಾಯುತ್ತಾನೆ. ಮೂರನೆಯದೂ ಒಂದಿತ್ತು, ಇದು ಯಾರಿಗಾದರೂ ತಿಳಿದರೆ?

ಗುಟ್ಟು ರಟ್ಟಾಗಲು ರಟ್ಟಿನ ಪ್ರೆಸ್ಸೇ ಸರಿಯಾದ ಜಾಗ. ಆ ಸೋಮವಾರ ಕಾಟಾದ ಮುಳ್ಳು ನೋಡಿ ಮಾಮ ಮೆಲ್ಲಗೆ ಕೇಳಿದ, "ಏನಮ್ಮ, ಏರ್ತಾ ಇದೆಯಲ್ಲ?"

"ಸರಿಯಾಗಿ ತೋರಿಸ್ತಿಲ್ಲ ಮಾಮ ಇದು."

"ರದ್ದಿಗೆ ಸರಿಯಾಗೇ ತೋರಿಸ್ತಿದೆ," ಎಂದಷ್ಟೇ ಹೇಳಿ ಅವನು ತನ್ನ ಯಂತ್ರದ ಕಡೆ ಹೋದ.

ಅವತ್ತೇ ಮಧ್ಯಾಹ್ನ ಅರ್ಧ ದಿನ ರಜೆ ಕೇಳಿ ಪಥ್ಯದ ಮೇಡಂ ಹತ್ತಿರ ಹೋದಳು. ಬಾಗಿಲು ಹಾಕಿಸಿ, ಬನ್ನಿನ ಕಥೆಯೆಲ್ಲ ಹೇಳಿದಳು. ಬೈಯುತ್ತಾರೆಂದುಕೊಂಡಿದ್ದಳು. ಮೇಡಂ ಪೆನ್ನು ಮುಚ್ಚಿಟ್ಟರು.

"ನೋಡಿ, ಇದನ್ನ ನಿಮಗೆ ಮೊದಲೇ ಹೇಳಿರ್ತಾರೆ, ಗಾಬರೀಲಿ ಕಿವಿಗೆ ಬಿದ್ದಿರಲ್ಲ. ನೀವು ಯಾವಾಗ ಬೇಕಾದ್ರೂ ಬೇಡ ಅನ್ಬಹುದು. ಥಿಯೇಟರ್ ಬಾಗಿಲಲ್ಲಿ ನಿಂತು ಬೇಡ ಅಂದ್ರೂ ಸರಿ. ಯಾಕೆ ಅಂತ ನಾವು ಯಾರಿಗೂ ಹೇಳಲ್ಲ. ಇವರ ಕಿಡ್ನಿ ತಗೊಳ್ಳೋಕಾಗಲ್ಲ ಅಂತ ಮಾತ್ರ ಹೇಳ್ತೀವಿ. ನಿಮ್ಮ ತಮ್ಮನಿಗೂ ಅಷ್ಟೇ, ನಿಮ್ಮ ಮನೆಯವರಿಗೂ ಅಷ್ಟೇ. ಅದಕ್ಕೋಸ್ಕರ ನೀವು ಬನ್ನು ತಿಂದು ಮೈ ಕೆಡಿಸ್ಕೋಬೇಕಾಗಿಲ್ಲ."

"ಯಾರಿಗೂ ಗೊತ್ತಾಗಲ್ವಾ?"

"ಇಲ್ಲ."

ಆಸ್ಪತ್ರೆಯಿಂದ ಹೊರಗೆ ಬಂದಾಗ ಮೈ ಹಗುರವಾಗಿತ್ತು. ಬಾಗಿಲು ತೆರೆದಿದೆ, ಯಾವಾಗ ಬೇಕಾದರೂ ಹೋಗಬಹುದು. ಆ ದಿನ ಬೇಕರಿಗೆ ಹೋಗಬೇಕೆನಿಸಲಿಲ್ಲ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಆ ತೆರೆದ ಬಾಗಿಲೇ ಅವಳನ್ನು ಹೆದರಿಸತೊಡಗಿತು. ಬನ್ನಿನ ಮೇಲೆ, ಕಾಟಾದ ಮೇಲೆ ತಪ್ಪು ಹೊರಿಸುವಂತಿರಲಿಲ್ಲ ಇನ್ನು. ತಾನೇ ಬಾಯಿ ಬಿಟ್ಟು ಹೌದು ಎನ್ನಬೇಕು, ಇಲ್ಲವೇ ಬೇಡ ಎನ್ನಬೇಕು.

ಆ ವಾರ ತಮ್ಮನ ಹೆಂಡತಿಗೆ ಜ್ವರ. ಡಯಾಲಿಸಿಸ್‌ಗೆ ಅವನ ಜೊತೆ ದೊಡ್ಡಕ್ಕ ಹೋದಳು. ಉದ್ದನೆಯ ಕೋಣೆ, ಸಾಲು ಮಂಚಗಳು, ಪ್ರತಿ ಮಂಚದ ಪಕ್ಕ ಗುಂಯ್ ಎನ್ನುವ ಯಂತ್ರ. ಕೊಳವೆಯಲ್ಲಿ ಅವನ ರಕ್ತ ಹರಿಯುವುದನ್ನು ನೋಡಲಾಗದೆ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಅವನು ತೆಳ್ಳಗಾಗಿದ್ದ. ಗೋಡೆಗೆ ಟೈಲ್ಸ್ ಹಚ್ಚುವಾಗ ಒಂದೇ ಕೈಯಲ್ಲಿ ಹಲಗೆ ಎತ್ತುತ್ತಿದ್ದ ತೋಳು ಈಗ ಕೋಲಿನಂತಿತ್ತು. ನರ್ಸು ಒಂದು ಲೋಟದಲ್ಲಿ ಎರಡು ಮಂಜುಗಡ್ಡೆ ಚೂರು ತಂದುಕೊಟ್ಟಳು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ನೀರು ಲೆಕ್ಕ ಅಕ್ಕ. ಇಡೀ ದಿನಕ್ಕೆ ಮೂರು ಲೋಟ. ಇದಾದ್ರೆ ಸ್ವಲ್ಪ ಹೊತ್ತು ಬಾಯಲ್ಲಿರುತ್ತೆ," ಎಂದ. ಆಮೇಲೆ ಅವಳ ಕಡೆ ನೋಡಿ, "ನೀನು ಏನಾದ್ರೂ ತಿಂದ್ಯಾ? ಮುಖ ಬಾಡಿದೆ," ಎಂದು ಕೇಳಿದ.

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ತಿಂದೆ ಕಣೋ. ಮೂರು ವಾರ ತಿಂತಾನೇ ಇದ್ದೆ. ತೂಕ ಇಳೀಬಾರದು ಅಂತಲೇ ತಿಂದೆ. ನನಗೆ ಭಯ. ನಿನಗೆ ಸುಳ್ಳು ಹೇಳ್ದೆ," ಎಂದಳು.

ಯಂತ್ರ ಗುಂಯ್‌ಗುಡುತ್ತಿತ್ತು. ಅವನು ಮಂಜುಗಡ್ಡೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ.

"ನನಗೆ ಗೊತ್ತಿತ್ತು ಅನ್ನಲ್ಲ, ಗೊತ್ತಿರಲಿಲ್ಲ. ಆದ್ರೆ ಅಕ್ಕ, ನೀನು ಇಳೀತಾ ಇದೆ ಅಂದಾಗೆಲ್ಲ ನನಗೂ ಎದೆ ಝಲ್ ಅಂತಿತ್ತು. ನಿನಗೇನಾದ್ರೂ ಆದ್ರೆ ಭಾವನ ಮುಂದೆ ಹೇಗೆ ನಿಲ್ಲಲಿ? ಬೇಡ ಅಂದ್ಬಿಡು. ನನಗೆ ಬೇಜಾರಿಲ್ಲ."

"ಬೇಜಾರಿಲ್ವಾ?"

"ಇದೆ," ಎಂದ ಅವನು. "ಬದುಕ್ಬೇಕು ಅಂತ ಆಸೆ ಇದೆ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಿನ್ನ ಮೇಲೆ ಕೋಪ ಇರಲ್ಲ."

ಅವಳು ಕಿಟಕಿ ಬಿಟ್ಟು ಅವನ ಕಡೆ ತಿರುಗಿ ಕೂತಳು. ಕೆಂಪು ಕೊಳವೆಯನ್ನು ನೋಡಿದಳು. ತಲೆ ಗಿರ್ರೆಂದಿತು, ಮಂಚದ ಕಂಬಿ ಹಿಡಿದುಕೊಂಡಳು, ಮತ್ತೆ ನೋಡಿದಳು. ನಾಲ್ಕು ಗಂಟೆ ಹೊತ್ತು ಹಾಗೆಯೇ ಕೂತಿದ್ದಳು. ಅಲ್ಲಿಂದ ಮನೆಗೆ ಬಸ್ಸಿನಲ್ಲಿ ಬರಲಿಲ್ಲ, ನಡೆದೇ ಬಂದಳು. ಗಂಡನಿಗೆ, "ಕೊಡ್ತೀನಿ ರೀ. ಹೆದರ್ಕೊಂಡೇ ಕೊಡ್ತೀನಿ," ಎಂದಳು.

ಗಂಡ ಸಮವಸ್ತ್ರದ ಗುಂಡಿ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. "ನನಗೆ ಇಷ್ಟ ಇಲ್ಲ. ಅದು ನಿನಗೂ ಗೊತ್ತು," ಎಂದ. ಮಾರನೆಯ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಕಾಳು ಬೇಯಿಸಿಟ್ಟಿದ್ದ.

ಏಳು ಕಿಲೋ ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಡಾಕ್ಟರು ಹೇಳಿದ್ದ ಆರು ತಿಂಗಳು ಮೀರಿತು. ಮಧ್ಯೆ ತಮ್ಮನಿಗೆ ಎದೆಯಲ್ಲಿ ನೀರು ತುಂಬಿಕೊಂಡು ಐದು ದಿನ ಆಸ್ಪತ್ರೆಯಲ್ಲಿಟ್ಟರು. ಆ ಐದು ದಿನ ಅವಳು ಮೆಟ್ಟಿಲನ್ನು ದಿನಕ್ಕೆ ಮೂರು ಸಲ ಹತ್ತಿ ಇಳಿದಳು. ಕಾಲು ಕಂಬದಂತಾಗಿದ್ದವು. ಯಾರೋ ಬೆನ್ನಟ್ಟಿ ಬರುತ್ತಿದ್ದಾರೇನೋ ಎಂಬಂತೆ ಹತ್ತುತ್ತಿದ್ದಳೆಂದು ಹೆಂಗಸರು ಹೇಳುತ್ತಿದ್ದರು. ಕೊನೆಗೊಂದು ದಿನ ಆಸ್ಪತ್ರೆಯ ಯಂತ್ರ ಎಪ್ಪತ್ತೊಂದೂವರೆ ತೋರಿಸಿತು. ಸಕ್ಕರೆ ಸರಿಯಾಗಿತ್ತು, ರಕ್ತದೊತ್ತಡವೂ ಸರಿಯಾಗಿತ್ತು. ಡಾಕ್ಟರು ದಿನ ಗೊತ್ತು ಮಾಡಿದರು.

ಆ ದಿನ ಬೆಳಿಗ್ಗೆ ಥಿಯೇಟರಿನ ಬಾಗಿಲ ಹತ್ತಿರ ಗಾಲಿಮಂಚ ನಿಂತಿತು. ಪಥ್ಯದ ಮೇಡಂ ಅಲ್ಲಿಗೆ ಬಂದಿದ್ದರು. ಬಗ್ಗಿ ಕಿವಿಯ ಹತ್ತಿರ, "ಈಗಲೂ ಬೇಡ ಅನ್ಬಹುದು," ಎಂದರು. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಕೈಯಿಂದ ಬಾಗಿಲ ಕಡೆ ತೋರಿಸಿದಳು, ಒಳಗೆ ಎಂದು.

ಎಚ್ಚರವಾದಾಗ ಪಕ್ಕೆಯಲ್ಲಿ ಬೆಂಕಿಯಿಟ್ಟಂತೆ ನೋವು. ಗಂಡನ ಮುಖ ಮೇಲೆ ಬಾಗಿತ್ತು, ಎರಡು ದಿನದ ಗಡ್ಡ. "ಅವನು?" ಎಂದು ಕೇಳಿದಳು.

"ಉಚ್ಚೆ ಹೊಯ್ತಾ ಇದ್ದಾನೆ," ಎಂದ ಗಂಡ. "ಚೀಲ ತುಂಬಿ ಹೋಗ್ತಿದೆಯಂತೆ. ನರ್ಸುಗಳೆಲ್ಲ ಹೋಗಿ ಹೋಗಿ ನೋಡ್ತಿದ್ದಾರೆ." ಅಷ್ಟು ಹೇಳಿ, ಆಪರೇಷನ್‌ಗೆ ಹೋದವನು ತಾನೇ ಎಂಬಂತೆ ಕುರ್ಚಿಯಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳಿಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು.

ಎರಡು ತಿಂಗಳ ಮೇಲೆ ಅವಳು ಪ್ರೆಸ್ಸಿಗೆ ಮರಳಿದಳು. ತಮ್ಮ ಈಗ ಭಾರ ಎತ್ತುವುದು ಬಿಟ್ಟು ಟೈಲ್ಸ್ ಕೆಲಸ ಹಿಡಿದು ಬೇರೆಯವರಿಂದ ಮಾಡಿಸುತ್ತಾನೆ. ದಿನಾ ಮಾತ್ರೆ ತಪ್ಪದೆ ನುಂಗುತ್ತಾನೆ. ದೊಡ್ಡಕ್ಕನ ತೂಕ ಅರವತ್ತೊಂಬತ್ತು, ಎಪ್ಪತ್ತರ ನಡುವೆ ಆಡುತ್ತದೆ. ಅವಳ ಭಯ ಮಾತ್ರ ಇಳಿದಿಲ್ಲ. ತಮ್ಮನಿಗೆ ಒಂದು ಸೀನು ಬಂದರೂ ಅವಳಿಗೆ ಜೀವ ಬಾಯಿಗೆ ಬರುತ್ತದೆ, ತನಗೆ ಸೊಂಟ ಹಿಡಿದರೆ ಉಳಿದದ್ದೊಂದೂ ಹೋಯಿತೇನೋ ಎಂದು ಎದೆ ಕುಸಿಯುತ್ತದೆ. ಮೊನ್ನೆ ವರ್ಷದ ತಪಾಸಣೆಗೆ ಹೋಗಿದ್ದಳು. ವರದಿಗೆ ಕಾಯುತ್ತ ಕೂತ ಒಂದು ಗಂಟೆ ಅಂಗೈ ಬೆವರಿ ಚೀಟಿಯ ಶಾಯಿಯೆಲ್ಲ ಹರಡಿತ್ತು. ಒಳಗೆ ಕರೆದು, ಎಲ್ಲ ಚೆನ್ನಾಗಿದೆ ಎಂದರು. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಸೆರಗು ಸಿಕ್ಕಿಸಿ, ಮನೆಯ ಕಡೆ ನಡೆಯತೊಡಗಿದಳು.